ಪದ ಬೇಕು (ತುರ್ತು): ‘ಅಮೀಬಿಯನ್’ ಹಾಡಿಗೆ ಕನ್ನಡದಲ್ಲಿ ಏನೆನ್ನೋಣ?

ನಮಸ್ಕಾರ. ಪ್ರಾಚೀನ ರೋಮಿನ ಕವಿ ವರ್ಜಿಲನ ‘ಎಕ್ಲೋಗ್ಸ್’ (ಲ್ಯಾಟಿನ್ನಿನ ಗೋಪಗೀತೆಗಳು) ಇಂಗ್ಲಿಷ್ ಪದ್ಯಕ್ಕೆ ಬಂದ ಬಗೆಯನ್ನು ಕುರಿತ ತರಗತಿ ಟಿಪ್ಪಣಿ ನಾಳೆ ಅಚ್ಚಿಗೆ ಹೋಗಬೇಕು. 3 ಮತ್ತು 7ನೆಯ ಪದ್ಯಗಳಲ್ಲಿ ಇಬ್ಬರು ಗಾಹಿಗಳು ಪೈಪೋಟಿಯಿಂದ ಹಾಡುತ್ತಾರಲ್ಲ, ಇಂಗ್ಲಿಷಿನಲ್ಲಿ ‘ಅಮೀಬಿಯನ್’ ಎನ್ನುವ ಆ ಬಗೆಯ ಹಾಡಿಗೆ ಹೆಸರು ಬೇಕು. ‘ಜುಗಲ್‌ಬಂದಿ’ ಆದೀತೇ?

ಉತ್ತರ 1
ಆಗದು. ಜುಗಲ್‌ಬಂದಿಯಲ್ಲಿ ಸೋಲು ಗೆಲುವಿಲ್ಲ. ಇಲ್ಲಿ 7ರಲ್ಲಿ ಕೊರಿಡಾನ್ ಗೆಲ್ಲುತ್ತಾನೆ. 3ರಲ್ಲಿ ತೀರ್ಪುಗಾರ ಪಲೇಮನ್ ಇಬ್ಬರೂ ಸಮ ಎಂದು ಕೈಚೆಲ್ಲುತ್ತಾನೆ. ‘ಸವಾಲ್-ಜವಾಬ್’ ಎನ್ನಿ. ಗೀಗೀ ಪದದ ಹರದೇಶಿ-ನಾಗೇಶಿ ಮೇಳಗಳಲ್ಲಿ ಬಳಕೆಯಲ್ಲಿರುವ ಮಾತು.

ಉತ್ತರ 2
ಸವಾಲೂ ಅರಬ್ಬಿ, ಜವಾಬೂ ಅರಬ್ಬಿ. ಮಾರುತ್ತರ, ಮಾರ್ನುಡಿ, ಮಾರ್ದನಿ ಇರುವ ನುಡಿಗೆ ಸಾಲವೇಕೆ? ‘ಮಾರ್ಹಾಡು’ ಎಂದು ಬರೆದು ಮುಗಿಸಿ.

ಉತ್ತರ 3
ಮಾರ್ದನಿ ಎಂದರೆ ಹೇಳಿದ್ದೇ ಮರಳಿ ಕೇಳಿಸುವುದು. ಇಲ್ಲಿ ಎರಡನೆಯವನು ಅದೇ ವಸ್ತುವನ್ನು ಹಿಡಿದು, ಅಷ್ಟೇ ಸಾಲಿನಲ್ಲಿ ಮೊದಲನೆಯವನನ್ನು ಮೀರಿಸಬೇಕು. ಸವಾಲ್-ಜವಾಬೂ ಪೂರ್ತಿ ಹೊಂದದು: 3ರ ಸ್ಪರ್ಧೆಯ ಕೊನೆಯಲ್ಲಿ ಇಬ್ಬರೂ ಒಂದೊಂದು ಒಗಟು ಹಾಕುತ್ತಾರೆ, ಯಾರೂ ಬಿಡಿಸುವುದಿಲ್ಲ.

ಟಿಪ್ಪಣಿಯಲ್ಲಿ ಸಾಲುಗಳ ಲೆಕ್ಕ ಬಿಡಬೇಡಿ, ಅನುವಾದ ಮುಗ್ಗರಿಸುವುದು ಅಲ್ಲೇ. ಎರಡೂ ಕಡೆ ಸ್ಪರ್ಧೆಯ ಭಾಗ 48 ಸಾಲು; 3ರಲ್ಲಿ ಎರಡೆರಡು ಸಾಲಿನ ಸರದಿ, 7ರಲ್ಲಿ ನಾಲ್ಕು ನಾಲ್ಕು. ಲ್ಯಾಟಿನ್ ಸಾಲು ನಮ್ಮ ಲೆಕ್ಕದಲ್ಲಿ ನಾಲ್ಕು ಮಾತ್ರೆಯ ಆರು ಗಣ (ಭಗಣ ಇಲ್ಲವೇ ಎರಡು ಗುರು, ಕೊನೆಯದು ಸಡಿಲ), ಸಾಮಾನ್ಯವಾಗಿ 13ರಿಂದ 17 ಅಕ್ಷರ. ಇಂಗ್ಲಿಷಿನ ರೂಢಿಯ ಸಾಲಿಗೆ 10. ಸಾಲದ್ದಕ್ಕೆ ಲ್ಯಾಟಿನ್ನಿನಲ್ಲಿಲ್ಲದ ‘ಎ’ (a), ‘ದ’ (the)ಗಳಿಗೂ ಅದರಲ್ಲೇ ಜಾಗ ಕೊಡಬೇಕು.

3ನೆಯ ಪದ್ಯದ 64ನೆಯ ಸಾಲಿನಿಂದ ನೋಡಿ. ಗಲಟೀಯ ಎಂಬ ಹುಡುಗಿ ಹಾಡುವವನತ್ತ ಸೇಬೆಸೆದು ವಿಲ್ಲೋ ಮರಗಳತ್ತ ಓಡುತ್ತಾಳೆ. ಮರೆಯಾಗುವ ಮೊದಲು ಕಣ್ಣಿಗೆ ಬೀಳಬೇಕೆಂಬ ಆಸೆ ಅವಳಿಗೆ. ಇಷ್ಟೂ ಎರಡು ಸಾಲು. ಇಂಗ್ಲಿಷಿನ ಎರಡು ಸಾಲಿಗೆ ಇಳಿಸಿದರೆ ಮೊದಲು ಉದುರುವುದು ಆ ‘ಮೊದಲು’ ಎಂಬ ಮಾತು, ಸೊಗಸೆಲ್ಲ ಇರುವುದೇ ಅದರಲ್ಲಿ. ಇಂಗ್ಲಿಷಿಗೆ ತಂದ ಕವಿ ಡ್ರೈಡನ್ (1697) ಅದನ್ನು ಉಳಿಸಿಕೊಳ್ಳಲು ಮೂರು ಪ್ರಾಸದ ಸಾಲು ಮಾಡಿದ, ಎದುರಾಳಿಯ ಉತ್ತರಕ್ಕೂ ಮೂರೇ ಕೊಟ್ಟ. ಗಲಟೀಯಳನ್ನು ಫಿಲಿಸ್ ಮಾಡಿದ್ದು ನನಗೆ ಒಪ್ಪಿಗೆಯಿಲ್ಲ, ಆದರೆ ತಕ್ಕಡಿ ಸಮ ಇಟ್ಟ. ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಮೂರು ಕೊಟ್ಟರೆ ಪಲೇಮನ್‌ನ ತೀರ್ಪಿಗೆ ಅರ್ಥವೇ ಇಲ್ಲ.

ಉತ್ತರ 2
ಡ್ರೈಡನ್ ಕೇಳಿದವರಾರು? ಸಾಲದ ಪದ ಬೇಕೋ ಬೇಡವೋ ಅಷ್ಟು ಹೇಳಿ.

ಉತ್ತರ 3
ವರ್ಜಿಲ್ ಏನು ಮಾಡಿದ ನೋಡಿ. 3ರ 59ನೆಯ ಸಾಲಿನಲ್ಲಿ ಹಾಡಿನ ದೇವಿಯರಿಗೆ ಅಚ್ಚ ಲ್ಯಾಟಿನ್ ಹೆಸರು, ‘ಕಮೇನೆ’. ಮರುಸಾಲಿನಲ್ಲೇ ಗ್ರೀಕಿನಿಂದ ತಂದ ‘ಮ್ಯೂಸ್’. ಎರಡನ್ನೂ ಅಕ್ಕಪಕ್ಕ ಕೂರಿಸಿದ, ಯಾವುದನ್ನೂ ಓಡಿಸಲಿಲ್ಲ. ‘ಅಮೀಬಿಯನ್’ ಗ್ರೀಕ್ ಮೂಲದ ಪದ. ಪಲೇಮನ್ ಹೇಳುವುದು ಬರೀ ‘ಆಲ್ಟರ್ನಿಸ್’, ಅಂದರೆ ‘ಸರದಿಯಲ್ಲಿ ಹಾಡಿ’ ಎಂದು. ಆದ್ದರಿಂದ ಟಿಪ್ಪಣಿಗೆ ‘ಸರದಿ ಹಾಡು’ ಸಾಕು. ಮೊದಲ ಸಲ ಬಂದಲ್ಲಿ ‘ಪೈಪೋಟಿಯ ಸರದಿ ಹಾಡು’ ಎಂದಿರಲಿ.

ಉತ್ತರ 2
‘ಸರದಿ’ ಎಂದರೆ ರೇಷನ್ ಅಂಗಡಿ ಸಾಲು. ನನ್ನ ಓಟು ಮಾರ್ಹಾಡಿಗೇ.

ಕೇಳಿದವರು
‘ಪೈಪೋಟಿಯ ಸರದಿ ಹಾಡು’ ಹಾಕಿದ್ದೇನೆ. 7ನೆಯದರ ನಾಲ್ಕು ಸಾಲಿಗೆ ಇಂಗ್ಲಿಷಿನಲ್ಲಿ ಐದು ಕೊಟ್ಟರೆ ಹನ್ನೆರಡು ಸರದಿಗೂ ಐದೇ ಇರಬೇಕು ಎಂದೂ ಸೇರಿಸಿದ್ದೇನೆ.