ಸಹಾಯ ಬೇಕು: ಆಂಡ್ರ್ಯೂ ಸ್ಟಾಡರ್ಟ್ ಬಗ್ಗೆ ಹಳೆಯ ಪತ್ರಿಕೆಗಳ ವರದಿ

ಎಲ್ಲರಿಗೂ ನಮಸ್ಕಾರ. ಲಂಡನ್‌ನಲ್ಲಿರುವ ಕನ್ನಡಿಗರು ದಯವಿಟ್ಟು ಗಮನಿಸಿ.

ಇಂಗ್ಲೆಂಡಿನ ಹಳೆಯ ಕಾಲದ ಕ್ರಿಕೆಟ್ ಮತ್ತು ರಗ್ಬಿ ಆಟಗಾರ ಆಂಡ್ರ್ಯೂ ಸ್ಟಾಡರ್ಟ್ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಸಂಬಳವಿಲ್ಲದೆ ಆಡುತ್ತಿದ್ದ ಅಮೆಚೂರ್ ಆಟಗಾರ ಅವರು. 1886ರ ಆಗಸ್ಟ್‌ನಲ್ಲಿ ಹ್ಯಾಂಪ್‌ಸ್ಟೆಡ್ ಕ್ಲಬ್ ಪರ ಒಂದೇ ಇನಿಂಗ್ಸ್‌ನಲ್ಲಿ 485 ರನ್ ಹೊಡೆದರು. ಆಗ ಅದೇ ವಿಶ್ವದಾಖಲೆ. ಹಿಂದಿನ ರಾತ್ರಿ ನಿದ್ದೆ ಬಿಟ್ಟು ಇಸ್ಪೀಟು ಆಡಿದ್ದರಂತೆ!

1888ರಲ್ಲಿ ಬ್ರಿಟಿಷ್ ತಂಡದ ರಗ್ಬಿ ಪ್ರವಾಸದಲ್ಲಿ ನಾಯಕ ಸೆಡನ್ ಆಸ್ಟ್ರೇಲಿಯಾದಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಆಮೇಲೆ ತಂಡ ಮುನ್ನಡೆಸಿದ್ದು ಸ್ಟಾಡರ್ಟ್. 1894-95ರಲ್ಲಿ ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕರಾಗಿ ಆಸ್ಟ್ರೇಲಿಯಾದಲ್ಲೇ ಆಷಸ್ ಟೆಸ್ಟ್ ಸರಣಿಯನ್ನು 3-2ರಿಂದ ಗೆದ್ದರು. ಇಷ್ಟೆಲ್ಲ ಕಂಡವರು 1915ರಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡರು. ತುಂಬಾ ಸಂಕಟವಾಗುತ್ತದೆ.

ಬ್ರಿಟಿಷ್ ಲೈಬ್ರರಿಗೆ ಹೋಗುವವರಿದ್ದರೆ 485ರ ಪಂದ್ಯದ ಪತ್ರಿಕಾ ವರದಿ ಮತ್ತು ಪೂರ್ತಿ ಸ್ಕೋರ್‌ಕಾರ್ಡ್‌ನ ಫೋಟೊ ಕಳಿಸುತ್ತೀರಾ? ಪ್ರತಿಯ ಖರ್ಚು ನಾನೇ ಕೊಡುತ್ತೇನೆ.