ಈ ವಾರದ ಸಮಸ್ಯೆ: ಕಡಲ ಕುಡಿದವ ಕೊಡದ ನೀರಿಗೆ ಕಾದು ನಿಂದಿಹನು

ಕಾಳಿದಂಡೆ (ಕಾರವಾರ):
ಈ ಸಲ ಸಮಸ್ಯೆ ಕೊಡುವ ಸರದಿ ನನ್ನದು. ಭಾಮಿನಿ ಷಟ್ಪದಿ, ಕೊನೆಯ ಸಾಲು ಮೇಲಿದೆ; ಅದಕ್ಕೆ ಕೂಡುವ ಹಾಗೆ ಮೊದಲ ಐದು ಸಾಲು ನೀವು ಕಟ್ಟಬೇಕು. ಕಡಲು ಕುಡಿದ ಋಷಿ ಅಗಸ್ತ್ಯರ ಮೇಲೆ ಬರೆಯಿರಿ. ಸೋಮವಾರದವರೆಗೆ ಸಮಯ. ಘಟ್ಟದ ಮೇಲಿನವರು ಹೋದ ಸಲದ ಹಾಗೆ 'ಅಡಿಕೆ ಕೊಯ್ಲು, ಪುರಸೊತ್ತಿಲ್ಲ' ಅನ್ನಬಾರದು. ಕೊಯ್ಲು ಮುಗಿದು ಯಾವ ಕಾಲವಾಯ್ತು!

ಅಘನಾಶಿನಿ (ಕುಮಟಾ):
ನಮ್ಮ ಕೇರಿಯಲ್ಲಿ ಬಾವಿ ನೀರು ಆಗಲೇ ಉಪ್ಪಾಗಿದೆ. ಚಹಾ ಕುಡಿದರೆ ಸಾರು ಕುಡಿದ ಹಾಗಿರುತ್ತದೆ. ಅದಕ್ಕೇ ಋಷಿಯನ್ನು ನಮ್ಮ ನಲ್ಲಿಯ ಹತ್ತಿರವೇ ಕರೆತಂದೆ.

ಸುಡುವ ಬೇಸಗೆ ಬಾವಿಯೊಳಗಡೆ
ಕಡಲಿನುಪ್ಪೇ ಹೊಕ್ಕು ಕುಳಿತಿರೆ
ಹಿಡಿದ ಗಿಂಡಿಯು ಬರಿದು ಋಷಿಗೋ ಗಂಟಲೊಣಗಿದುದು
ಗಡಿಗೆ ಸಾಲಿನ ಹಿಂದೆ ಮೆಲ್ಲನೆ
ಜಡೆಯ ಕಟ್ಟಿದ ತಾತ ಬಂದನು
ಕಡಲ ಕುಡಿದವ ಕೊಡದ ನೀರಿಗೆ ಕಾದು ನಿಂದಿಹನು

ಕಾಳಿದಂಡೆ:
'ಗಡಿಗೆ ಸಾಲಿನ ಹಿಂದೆ' ಚೆಂದ. ಆದರೆ 'ತಾತ'? ನಮ್ಮ ಜಿಲ್ಲೆಯಲ್ಲಿ ಯಾರು ತಾತ ಅಂತಾರೆ? ಅಜ್ಜ ಅನ್ನಿ.

ಅಘನಾಶಿನಿ:
ಅಜ್ಜ ಅಂತಲೇ ಬರೆದಿದ್ದೆ. 'ಕಟ್ಟಿದಜ್ಜ' ಅಂತ ಸಂಧಿ ಮಾಡಿದರೆ ಗಣ ಒಡೆಯುತ್ತದೆ. ಮಾಡದಿದ್ದರೆ ವಿಸಂಧಿ, ಸಂಧಿ ಬಿಟ್ಟ ದೋಷ ಅಂತ ನೀವೇ ಬಂದು ಹಿಡಿಯುತ್ತೀರಿ. ಬೆಂಗಳೂರಿನ ಮೊಮ್ಮಗ ಕರೆದ ಅಂದುಕೊಳ್ಳಿ.

ಹೊಸಬ:
ನಮಸ್ಕಾರ. ಮೊದಲ ಪ್ರಯತ್ನ. 'ಪಡುವ ಕಡಲಿಗೆ ಬಂದ ಅಗಸ್ತ್ಯನು' ಅಂತ ಶುರು ಮಾಡಿದ್ದೇನೆ. ಸರಿಯಾ?

ಚಂಡೆಪೆಟ್ಟು (ಹೊನ್ನಾವರ):
ಒಂದು ಮಾತ್ರೆ ಜಾಸ್ತಿ. 'ಬಂದಗಸ್ತ್ಯನು' ಮಾಡು, ತಾನೇ ಕೂರುತ್ತಾನೆ. ಈ ಋಷಿ ಭಾಮಿನಿಯಲ್ಲಿ ಒಬ್ಬನೇ ನಿಂತರೆ ಕಿರಿಕಿರಿ. ಹಿಂದಿನ ಪದಕ್ಕೆ ಒರಗಿಸಿದರೆ ಸುಮ್ನಿರುತ್ತಾನೆ.

ತೋಟದಮನೆ (ಶಿರಸಿ):
ಕೊಯ್ಲು ಮುಗಿದಿದೆ. ತಗೊಳ್ಳಿ.

ಮಡದಿ ಲೋಪಾಮುದ್ರೆ ಮುನಿದಳು
ಒಡವೆ ತಾರದ ಗಂಡನೆನ್ನುತ
ಅಡುಗೆಮನೆ ಬಾಗಿಲಿಗೆ ಚಿಲಕವ ಹಾಕಿ ಕುಳಿತಿಹಳು
ಕುಡಿಯಲೇನಿದೆಯೆಂದು ಕೇಳಲು
ಕಡಲ ಕುಡಿಯಿರಿ ಹೋಗಿರೆಂದಳು
ಕಡಲ ಕುಡಿದವ ಕೊಡದ ನೀರಿಗೆ ಕಾದು ನಿಂದಿಹನು

ಅಘನಾಶಿನಿ:
ಹ್ಹಹ್ಹಾ! 'ಕೊಡದ' ಅಂದರೆ ಹೆಂಡತಿ ಕೊಡದ ನೀರು!

ಕಾಳಿದಂಡೆ:
ನಗುವುದು ಆಮೇಲೆ. ನಾನು ಕೊಟ್ಟದ್ದು ಕೊಡ. ಕೊಡಪಾನದ ಕೊಡ. ಸೊಂಟದ ಮೇಲೆ ಇಟ್ಟುಕೊಂಡು ಬರುವುದು. 'ಕೊಡದೇ ಇರುವ' ಅಲ್ಲ.

ತೋಟದಮನೆ:
ಸಾಲಿನಲ್ಲಿ ಕೊಡದ ಚಿತ್ರ ಅಂಟಿಸಿಲ್ಲವಲ್ಲ. ಅಕ್ಷರ ಅದೇ, ಮಾತ್ರೆ ಅದೇ. ಒಮ್ಮೆ ಕೊಟ್ಟ ಮೇಲೆ ಪದ ಕೊಟ್ಟವರದ್ದಲ್ಲ.

ಕಾಳಿದಂಡೆ:
ಅರ್ಥ ಕೂಡಬೇಕಲ್ವಾ? ಕೊಡುವುದೇ ಇಲ್ಲ ಅಂತ ಗೊತ್ತಿರುವ ನೀರಿಗೆ ಯಾರು ಕಾಯುತ್ತಾರೆ?

ಅಘನಾಶಿನಿ:
ನಮ್ಮ ಕೇರಿಗೆ ಬನ್ನಿ. ದಿನಾ ಕಾಯುತ್ತೇವೆ.

ಕಾಳಿದಂಡೆ:
ಇನ್ನೊಂದು. ಲೋಪಾಮುದ್ರೆ ಒಡವೆ ಕೇಳಿದ್ದು ಮೊದಲು. ಅಗಸ್ತ್ಯ ಮೂವರು ರಾಜರ ಹತ್ತಿರ ಹೋದ, ಮೂವರದ್ದೂ ಜಮಾಖರ್ಚು ಸರಿಸಮ. ಕೊನೆಗೆ ಅಸುರ ಇಲ್ವಲನ ಹತ್ತಿರ ಹೋಗಿ, ಅವನ ತಮ್ಮ ವಾತಾಪಿಯನ್ನು ತಿಂದು ಅರಗಿಸಿಕೊಂಡು ಐಶ್ವರ್ಯ ತಂದ. ಕಾಲಕೇಯರೆಂಬ ಅಸುರರು ಅಡಗಿದ್ದ ಕಡಲನ್ನು ಕುಡಿದದ್ದು ಆಮೇಲಿನ ಕಥೆ. ಅಷ್ಟು ಹೊತ್ತಿಗೆ ಒಡವೆ ಬಂದಾಗಿದೆ. ಮತ್ತೆ ಮುನಿಸೆಲ್ಲಿ?

ತೋಟದಮನೆ:
ಒಡವೆ ಒಂದು ಸಲ ತಂದರೆ ಮುಗಿಯಿತು ಅಂದುಕೊಂಡಿದ್ದೀರಾ? ನಿಮಗೆ ಮದುವೆ ಆಗಿದೆ ತಾನೆ?

ಚಂಡೆಪೆಟ್ಟು:
ನಾನು ಕಾಳಿದಂಡೆ ಪಕ್ಷ. ಸಮಸ್ಯೆಯ ಜೀವ ಇರುವುದೇ ಕೊಡದಲ್ಲಿ. ಅಗಸ್ತ್ಯ ಹುಟ್ಟಿದ್ದು ಕುಂಭದಲ್ಲಿ. ಕುಡಿದದ್ದು ಕಡಲು, ಕಾಯುವುದು ಕೊಡಕ್ಕೆ. ಅದನ್ನು ಬಿಟ್ಟರೆ ಉಳಿಯುವುದು ಬರೀ ಗಂಡ ಹೆಂಡತಿ ಜಗಳ. ಅಂದಹಾಗೆ ವಸಿಷ್ಠನೂ ಅದೇ ಕುಂಭದವನು, ಇಬ್ಬರೂ ಮಿತ್ರಾವರುಣರ ಮಕ್ಕಳು. ದ್ರೋಣನೂ ಕುಂಭಸಂಭವನೇ. ಒಂದು ರಾತ್ರಿ ತಾಳಮದ್ದಳೆಯಲ್ಲಿ ಅಗಸ್ತ್ಯ ವಿಂಧ್ಯವನ್ನು ತಗ್ಗಿಸಿದ ಕಥೆಗೆ 'ಕುಂಭಸಂಭವ' ಅಂತ ಪದ ಬಂತು. ನನ್ನ ಪಕ್ಕದವರು ತೂಕಡಿಕೆಯಿಂದ ಎದ್ದು, ದ್ರೋಣನಿಗೆ ವಿಂಧ್ಯದಲ್ಲಿ ಏನು ಕೆಲಸ ಅಂತ ಕೇಳಿದರು.

ಅಘನಾಶಿನಿ:
ಪಕ್ಕದವರೋ, ನೀವೋ?

ಚಂಡೆಪೆಟ್ಟು:
ಮುಂದಿನ ಪದ್ಯ.

ದೋಣಿಮನೆ (ಅಂಕೋಲಾ):
ಸಂಜೆ ದಂಡೆಗೆ ಹೋಗಿದ್ದೆ. ಕಡಲಿಗೆ ಮುಖ ಮಾಡಿ ನಿಂತರೆ ಎಡಗಡೆ ತಗ್ಗಿನಲ್ಲಿ ಅಗಸ್ತ್ಯ ನಕ್ಷತ್ರ ಕಾಣುತ್ತಿದೆ. ಇರುಳ ಬಾನಿನಲ್ಲಿ ಲುಬ್ಧಕ (ಸಿರಿಯಸ್) ಬಿಟ್ಟರೆ ಅಷ್ಟು ಹೊಳೆಯುವ ನಕ್ಷತ್ರ ಬೇರೆ ಇಲ್ಲ.

ಎಡದ ತೆಂಕಣ ಬಾನಿನಂಚಲಿ
ಮಿಡುಕಿ ಮೂಡಿದ ಚುಕ್ಕಿಯೊಂದಿದೆ
ಹುಡುಗಿ ತುಂಬಿಸಿಯಿಟ್ಟಳಂಗಳದೊಳಗೆ ಬಿಂದಿಗೆಯ
ಕಡಲು ಕರೆದರು ತಿರುಗಿ ನೋಡನು
ಪಡೆದ ತಾಯಿಯ ನೆನಪು ಬಂದುದೊ
ಕಡಲ ಕುಡಿದವ ಕೊಡದ ನೀರಿಗೆ ಕಾದು ನಿಂದಿಹನು

ಅಘನಾಶಿನಿ:
ಆಹಾ.

ಕಾಳಿದಂಡೆ:
ಚೆನ್ನಾಗಿದೆ ದೋಣಿಮನೆ. ನೋಡಿ ತೋಟದಮನೆ, ಕೊಡ ಅಂದರೆ ಇದು.

ತೋಟದಮನೆ:
ದೋಣಿಮನೆಯ ಪದ್ಯಕ್ಕೆ ಕೈ ಮುಗಿದೆ. ಅದನ್ನು ನನ್ನ ತಲೆಗೆ ಹೊಡೆಯುವ ದೊಣ್ಣೆ ಮಾಡಬೇಡಿ. ಕುಡಿದ ಮೇಲೆ ಏನಾಯ್ತು ಹೇಳಿ. ಕಾಲಕೇಯರು ಸತ್ತರು, ದೇವತೆಗಳು ಬಂದು ಕಡಲು ವಾಪಸ್ ಕೊಡಿ ಅಂದರು. ಈತ ಏನಂದ?

ಚಂಡೆಪೆಟ್ಟು:
ಜೀರ್ಣವಾಯಿತು ಅಂದ. ವಾತಾಪಿಗೆ ಹೇಳಿದ್ದೇ ಕಡಲಿಗೂ.

ತೋಟದಮನೆ:
ಅಷ್ಟೇ. ಕೊಡಲಿಲ್ಲ. ಭಗೀರಥ ಗಂಗೆಯನ್ನು ತಂದು ತುಂಬಿಸುವವರೆಗೆ ಕಡಲು ಖಾಲಿ ಬಿದ್ದಿತ್ತು. ಕೊಡದವನಿಗೆ ಕೊಡದ ನೀರು. ಅರ್ಥ ಕೂಡಿತಾ?

ಅಘನಾಶಿನಿ:
ಅಷ್ಟು ದಿನ ಖಾಲಿ ಇದ್ದಾಗ ಉಪ್ಪೆಲ್ಲ ಯಾರು ಬಾಚಿಕೊಂಡರೋ. ಉಪ್ಪು ಬೆಳೆಯುವ ನಮ್ಮ ಸಾಣಿಕಟ್ಟೆಯವರಿಗೆ ಹಬ್ಬ.

ದೋಣಿಮನೆ:
ಉಪ್ಪಿನ ಮಾತು ಅಂಕೋಲೆಯವರನ್ನು ಬಿಟ್ಟು ಆಡಬೇಡಿ. 1930ರಲ್ಲಿ ನಮ್ಮ ದಂಡೆಯಲ್ಲಿ ಉಪ್ಪು ಮಾಡಿ ಜೈಲಿಗೆ ಹೋದವರಿದ್ದಾರೆ.

ಹೊಸಬ:
ಹಾಗಾದರೆ ನನ್ನ 'ಬಂದಗಸ್ತ್ಯನು' ಸರಿಯಾಯ್ತಾ?

ಕಾಳಿದಂಡೆ:
ಸರಿ ಇದೆ, ಮುಂದುವರಿಸಪ್ಪಾ. ತೋಟದಮನೆ, ಭಗೀರಥ ಬಂದರೂ ನನ್ನ ಪ್ರಶ್ನೆ ಅಲ್ಲೇ ಇದೆ. ಕೊಡದ ನೀರಿಗೆ ಕಾಯುವುದು ಹೇಗೆ? 'ಕಾದು' ಅಂದರೆ ಹೋರಾಡಿ ಅಂತ ಮಾತ್ರ ಹೇಳಬೇಡಿ. ಅದು 'ಕಾದಿ' ಆಗುತ್ತದೆ.

ತೋಟದಮನೆ:
ಹೋರಾಡಿ ಅನ್ನುವುದಿಲ್ಲ. ಒಲೆಯ ಮೇಲೆ ಹಂಡೆ ಏನಾಗುತ್ತದೆ?

ಕಾಳಿದಂಡೆ:
ಕಾಯುತ್ತದೆ.

ತೋಟದಮನೆ:
ಕಾದು?

ಅಘನಾಶಿನಿ:
ಅಯ್ಯೋ! ಕಾದು ಕೆಂಡವಾಗಿ! ನೀರು ಕೊಡಲಿಲ್ಲ ಅಂತ ಅಜ್ಜ ಬಿಸಿಯಾಗಿ ನಿಂತಿದ್ದಾನೆ!

ಚಂಡೆಪೆಟ್ಟು:
ಪಕ್ಷ ಬದಲಿಸಲು ಅವಕಾಶ ಇದೆಯೇ?

ಕಾಳಿದಂಡೆ:
ಇಲ್ಲ. ಈ ಸಲದ ಮೊದಲ ಸ್ಥಾನ ದೋಣಿಮನೆಗೆ. ತೋಟದಮನೆಗೆ ಎರಡನೆಯದು, ಅದೂ ಒಂದು ಪದ ನನ್ನದೇ ಆಗಿರುವುದರಿಂದ.

ತೋಟದಮನೆ:
ಎರಡು ಪದ. 'ಕಾದು' ಕೂಡ ನೀವೇ ಕೊಟ್ಟದ್ದು. ಮುಂದಿನ ವಾರ ಸರದಿ ನನ್ನದು. ಕಾರವಾರದವರು ನಿಘಂಟು ಹತ್ತಿರ ಇಟ್ಟುಕೊಳ್ಳಿ.