ಟಿಬೆಟನ್ ಮಾಸ್ಟಿಫ್ ತೆಂಗಿನ ತೋಟದ ಕಾವಲಿಗೆ ಆಗಬಹುದೇ?

ತೋಟದಮನೆ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯಲ್ಲಿರುವ ನಮ್ಮ ತೆಂಗಿನ ತೋಟದ ಮನೆ ಊರಿನಿಂದ ಒಂದೂವರೆ ಕಿಲೋಮೀಟರ್ ಆಚೆಗಿದೆ. ಎರಡು ವರ್ಷಗಳಲ್ಲಿ ನಮ್ಮ ಎರಡು ನಾಯಿಗಳನ್ನು ಚಿರತೆ ಹೊತ್ತೊಯ್ದಿದೆ. ಟಿಬೆಟನ್ ಮಾಸ್ಟಿಫ್ ಮರಿಯೊಂದನ್ನು ತಂದು ಸಾಕಿದರೆ ಚಿರತೆ ಹತ್ತಿರ ಸುಳಿಯುವುದಿಲ್ಲ ಎಂದು ಬೆಂಗಳೂರಿನಲ್ಲಿರುವ ನಮ್ಮ ಅಳಿಯ ಹೇಳುತ್ತಿದ್ದಾರೆ. ಅವರು ಕಳುಹಿಸಿದ ಚಿತ್ರದಲ್ಲಿ ನಾಯಿಯ ಕುತ್ತಿಗೆಗೆ ಸಿಂಹದಂತೆ ಕೇಸರವಿದೆ. ಬೈಲುಕುಪ್ಪೆಗೆ ಹಲವು ಬಾರಿ ಹೋಗಿದ್ದರೂ ಅಂತಹ ನಾಯಿಯನ್ನು ಅಲ್ಲಿ ಕಂಡ ನೆನಪು ನನಗಿಲ್ಲ. ಈ ತಳಿಯ ಹಿನ್ನೆಲೆ, ನಿಜವಾದ ಗಾತ್ರ ಮತ್ತು ಸ್ವಭಾವವನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯಪುಟ:
ಹೆಸರಿನಿಂದಲೇ ಆರಂಭಿಸುತ್ತೇನೆ. ಟಿಬೆಟಿನವರು ಈ ನಾಯಿಯನ್ನು ‘ದೋ-ಖ್ಯಿ’ ಎನ್ನುತ್ತಾರೆ. ‘ಖ್ಯಿ’ ಎಂದರೆ ನಾಯಿ. ಇಡೀ ಪದಕ್ಕೆ ಕೆಲವರು ‘ಕಟ್ಟಿಹಾಕಿದ ನಾಯಿ’ ಎಂದೂ, ಕೆಲವರು ‘ಬಾಗಿಲ ನಾಯಿ’ ಎಂದೂ ಅರ್ಥ ಹೇಳುತ್ತಾರೆ. ಎರಡೂ ಅರ್ಥಗಳು ಅದರ ಕೆಲಸಕ್ಕೆ ಹೊಂದುತ್ತವೆ. ‘ಮಾಸ್ಟಿಫ್’ ಎಂಬುದು ಯುರೋಪಿನವರು ಗಾತ್ರ ನೋಡಿ ಅಂಟಿಸಿದ ಹೆಸರು. ಟಿಬೆಟಿನಲ್ಲಿ ಕತ್ತೆಯಷ್ಟು ದೊಡ್ಡ ನಾಯಿಗಳಿವೆ ಎಂದು ಮಾರ್ಕೊ ಪೋಲೋ 13ನೆಯ ಶತಮಾನದಲ್ಲೇ ಹೇಳಿದ್ದ; ಉತ್ಪ್ರೇಕ್ಷೆ ಮಾರುವವರಿಗೆ ಮಾತ್ರ ಬಂದ ಚಾಳಿಯಲ್ಲ. 1847ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಇಂತಹ ಒಂದು ನಾಯಿಯನ್ನು ವಿಕ್ಟೋರಿಯಾ ರಾಣಿಗೆ ಕಳುಹಿಸಿದ ಮೇಲೆ ಇಂಗ್ಲೆಂಡಿನಲ್ಲಿ ಇದರ ಪರಿಚಯವಾಯಿತು. ಅಮೆರಿಕದ ಕೆನಲ್ ಕ್ಲಬ್ ಇದನ್ನು ತನ್ನ ದುಡಿಮೆಯ ನಾಯಿಗಳ ಗುಂಪಿಗೆ ಸೇರಿಸಿಕೊಂಡದ್ದು 2007ರಲ್ಲಿ.

ಇನ್ನು ರೂಪದ ಮಾತು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಗಂಡಿನ ಎತ್ತರ ಭುಜದ ಬಳಿ ಕನಿಷ್ಠ 66 ಸೆಂಟಿಮೀಟರ್, ಹೆಣ್ಣಿನದು 61. ಗಂಡು ಸುಮಾರು 40ರಿಂದ 68 ಕಿಲೋ ತೂಗುತ್ತದೆ. ಮೈಮೇಲೆ ಎರಡು ಪದರ ಕೂದಲು, ಬೆನ್ನ ಮೇಲೆ ಸುರುಳಿಯಾದ ಬಾಲ. ಬಣ್ಣ ಕಪ್ಪು, ಬೂದು ಅಥವಾ ಹೊಂಬಣ್ಣ. ಕಪ್ಪು ನಾಯಿಗಳಲ್ಲಿ ಹಲವಕ್ಕೆ ಹುಬ್ಬಿನ ಮೇಲೆ ಎರಡು ಕಂದು ಮಚ್ಚೆಗಳಿದ್ದು, ಕತ್ತಲಲ್ಲಿ ನಾಲ್ಕು ಕಣ್ಣುಗಳಿದ್ದಂತೆ ತೋರುತ್ತವೆ. ಋಗ್ವೇದದಲ್ಲಿ ಬರುವ ಯಮನ ಎರಡು ನಾಯಿಗಳಿಗೂ ನಾಲ್ಕು ಕಣ್ಣುಗಳೆಂಬುದು ನನಗೆ ಪ್ರತಿ ಸಲವೂ ನೆನಪಾಗುತ್ತದೆ.

ನಿಮ್ಮ ಅಳಿಯಂದಿರು ಕಳುಹಿಸಿದ ಕೇಸರದ ನಾಯಿ ಬಹುಶಃ ಚೀನಾದ ಹುಚ್ಚಿನ ಕಾಲದ್ದು. ಅಲ್ಲಿ ಹೊಸ ಶ್ರೀಮಂತರು ಇದನ್ನು ಪ್ರತಿಷ್ಠೆಯ ವಸ್ತುವನ್ನಾಗಿ ಮಾಡಿಕೊಂಡಿದ್ದರು. 2014ರಲ್ಲಿ ಒಂದು ಮರಿ 1.2 ಕೋಟಿ ಯುವಾನಿಗೆ ಮಾರಾಟವಾಯಿತೆಂದು ಪತ್ರಿಕೆಗಳು ಬರೆದವು. ಅದರ ಹಿಂದಿನ ವರ್ಷ ಹೆನಾನ್ ಪ್ರಾಂತ್ಯದ ಮೃಗಾಲಯವೊಂದು ಇದನ್ನೇ ಸಿಂಹದ ಬೋನಿನಲ್ಲಿಟ್ಟಿತ್ತು, ‘ಸಿಂಹ’ ಬೊಗಳಿದಾಗ ಗುಟ್ಟು ರಟ್ಟಾಯಿತು. ಬೆಲೆ ಕುಸಿದ ಮೇಲೆ ಸಾಕಿದವರೇ ಬೀದಿಗೆ ಬಿಟ್ಟ ನಾಯಿಗಳು ಚಿಂಗ್‌ಹೈ ಪ್ರಾಂತ್ಯದಲ್ಲಿ ಹಿಂಡುಗಟ್ಟಿ ಜನರಿಗೂ ಹಿಮಚಿರತೆಗಳಿಗೂ ಕಂಟಕವಾಗಿವೆ.

ಚಾಂಗ್‌ಥಾಂಗ್_ದಾರಿ:
ಕೆಲಸದ ನಿಮಿತ್ತ ಲಡಾಖಿನ ಚಾಂಗ್‌ಥಾಂಗಿನಲ್ಲಿ ಎರಡು ಬೇಸಿಗೆ ಕಳೆದವನು ನಾನು. ಅಲ್ಲಿನ ಕುರಿಗಾಹಿಗಳ ಡೇರೆಗೆ ಯಾರೂ ನೇರವಾಗಿ ನಡೆದು ಹೋಗುವುದಿಲ್ಲ. ದೂರದಲ್ಲೇ ನಿಂತು ಕೂಗಿ, ಮನೆಯವರು ಹೊರಬಂದು ನಾಯಿಯನ್ನು ಹಿಡಿದುಕೊಂಡ ಮೇಲೆ ಮುಂದೆ ಹೆಜ್ಜೆ ಇಡಬೇಕು. ಹಗಲೆಲ್ಲ ಗೂಟಕ್ಕೆ ಕಟ್ಟಿದ್ದು ರಾತ್ರಿ ಬಿಚ್ಚಿಬಿಡುವ ಪದ್ಧತಿಯೇ ಈ ನಾಯಿಯ ಸ್ವಭಾವವನ್ನು ರೂಪಿಸಿದೆ ಎಂಬುದು ನನ್ನ ಅಭಿಪ್ರಾಯ. ಅದು ಹಗಲು ನಿದ್ರಿಸುತ್ತದೆ, ರಾತ್ರಿಯಿಡೀ ಎದ್ದಿರುತ್ತದೆ, ಗಾಳಿ ಅಲುಗಿದರೂ ಗವಿಯೊಳಗಿಂದ ಬಂದಂತಹ ದನಿಯಲ್ಲಿ ಬೊಗಳುತ್ತದೆ. ಯಜಮಾನನ ಅಪ್ಪಣೆಗೆ ಕಾಯದೆ ತಾನೇ ತೀರ್ಮಾನಿಸಿ ನುಗ್ಗುವುದು ಅದರ ಕಸುಬು, ಏಕೆಂದರೆ ತೋಳ ಬಂದ ಹೊತ್ತಿನಲ್ಲಿ ಯಜಮಾನ ಮಲಗಿರುತ್ತಾನೆ. ಮನೆಯವರೊಂದಿಗೆ, ಅದರಲ್ಲೂ ಮಕ್ಕಳೊಂದಿಗೆ ಅದು ಆಶ್ಚರ್ಯವಾಗುವಷ್ಟು ಶಾಂತವಾಗಿರುವುದನ್ನು ಕಂಡಿದ್ದೇನೆ. ಆದರೆ ನಿಮ್ಮ ತೋಟಕ್ಕೆ ಕಾಯಿ ಕೀಳುವವರು, ಲೈನ್‌ಮನ್, ನೆಂಟರು ಬರುತ್ತಾರೆ. ಅವರೆಲ್ಲರೂ ಅದರ ಲೆಕ್ಕದಲ್ಲಿ ತೋಳಗಳೇ.

ಇನ್ನೊಂದು ಮಾತು. ಚಿರತೆಯನ್ನು ತಡೆಯಲು ಹಿಮಾಲಯದ ಕುರಿಗಾಹಿಗಳು ನಾಯಿಯ ಗಾತ್ರವೊಂದನ್ನೇ ನಂಬುವುದಿಲ್ಲ. ಚಿರತೆ ಮೊದಲು ಕುತ್ತಿಗೆಗೆ ಬಾಯಿ ಹಾಕುವುದರಿಂದ, ಹೊರಮುಖವಾಗಿ ಮುಳ್ಳುಗಳಿರುವ ಅಗಲವಾದ ಕಬ್ಬಿಣದ ಪಟ್ಟಿಯನ್ನು ನಾಯಿಯ ಕೊರಳಿಗೆ ಕಟ್ಟುತ್ತಾರೆ. ಹಿಮಾಚಲದ ಗದ್ದಿ ಕುರಿಗಾಹಿಗಳಲ್ಲೂ ಇದು ರೂಢಿ.

ಪಶುವೈದ್ಯ:
ಹವೆಯ ವಿಷಯ ಯಾರೂ ಎತ್ತಲಿಲ್ಲ. ಎತ್ತರದ ಪ್ರದೇಶದ ತೆಳುಗಾಳಿಗೆ ಈ ತಳಿ ಒಗ್ಗಿರುವುದಕ್ಕೆ ಟಿಬೆಟಿನ ತೋಳಗಳಿಂದ ಬಂದ ವಂಶವಾಹಿಯೊಂದರ ರೂಪಾಂತರ ಕಾರಣವೆಂದು ಸಂಶೋಧಕರು ತೋರಿಸಿದ್ದಾರೆ. ಮೈಗೂದಲೂ ಅಲ್ಲಿಯ ಚಳಿಗೆ ಬೆಳೆದದ್ದು. ತುಮಕೂರಿನ ಏಪ್ರಿಲ್ ತಿಂಗಳಲ್ಲಿ ಅದು ಏದುಸಿರು ಬಿಡುತ್ತ ನೆರಳಲ್ಲಿ ಬಿದ್ದಿರುತ್ತದೆಯೇ ಹೊರತು ತೋಟ ಸುತ್ತುವುದಿಲ್ಲ. ಕೂದಲು ಬೋಳಿಸಿದರೆ ಸರಿಹೋಗುತ್ತದೆಂಬುದು ತಪ್ಪು. ಬಿಸಿಲು ನೇರವಾಗಿ ಚರ್ಮಕ್ಕೆ ತಾಗುತ್ತದೆ. ಈ ನಾಯಿ ಪೂರ್ತಿ ಬಲಿಯಲು ಗಂಡಿಗೆ ನಾಲ್ಕು ವರ್ಷವಾದರೂ ಬೇಕು, ಅಲ್ಲಿಯವರೆಗೆ ಚಿರತೆ ಕಾಯುವುದಿಲ್ಲ. ಹೆಣ್ಣು ವರ್ಷಕ್ಕೊಮ್ಮೆ ಮಾತ್ರ ಬೆದೆಗೆ ಬರುತ್ತದೆ, ಹೀಗಾಗಿ ವರ್ಷವಿಡೀ ‘ಶುದ್ಧ ತಳಿಯ ಮರಿ’ ಸಿಗುತ್ತದೆ ಎನ್ನುವವರ ಬಗ್ಗೆ ಎಚ್ಚರವಿರಲಿ.

ತೋಟದಮನೆ:
ವಿವರವಾಗಿ ಬರೆದ ಮೂವರಿಗೂ ಕೃತಜ್ಞತೆಗಳು. ಮರಿ ತರುವ ಯೋಚನೆಯನ್ನು ಬಿಟ್ಟಿದ್ದೇನೆ. ಅಳಿಯಂದಿರಿಗೆ ಈ ಉತ್ತರಗಳನ್ನೇ ಕಳುಹಿಸಿದ್ದೇನೆ. ಈಗ ನಮ್ಮಲ್ಲಿರುವ ಊರನಾಯಿಗೆ ಮುಳ್ಳಿನ ಪಟ್ಟಿ ಮಾಡಿಸಬೇಕೆಂದು ಊರಿನ ಕುಲುಮೆಯವರನ್ನು ಕೇಳಿದೆ, ಒಪ್ಪಿದ್ದಾರೆ. ಚಾಂಗ್‌ಥಾಂಗಿನವರೇ, ಪಟ್ಟಿ ಎಷ್ಟು ಅಗಲವಿರಬೇಕು, ಕಬ್ಬಿಣ ಕೊರಳಿಗೆ ಉಜ್ಜದಂತೆ ಒಳಗೆ ಚರ್ಮ ಹೊಲಿಯುತ್ತಾರೆಯೇ ಎಂಬುದನ್ನು ದಯವಿಟ್ಟು ತಿಳಿಸಿ.